ಮಗಳಿಗೊಂದು ಪತ್ರ: ಶಿರಾಡಿ ಇಳಿಯುವ ಮುನ್ನ

ಪ್ರೀತಿಯ ಪುಟ್ಟೀ,

ನಿನ್ನೆ ರಾತ್ರಿ ನೀನು ಫೋನ್ ಕುಕ್ಕಿದ ಮೇಲೆ ನಾನಾಗಿ ಮತ್ತೆ ಮಾಡಲಿಲ್ಲ. ಮಾಡಿದ್ದರೆ ಜಗಳವೇ ಮುಂದುವರಿಯುತ್ತಿತ್ತು. ಬರೆದರೆ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರ, ನೀನು ಕೊಂಡ ಆ ಹಳೆಯ ಫಿಯಟ್ ಕಾರಿನಲ್ಲಿ ಬೆಂಗಳೂರಿನಿಂದ ಒಬ್ಬಳೇ ಶಿರಾಡಿ ಘಾಟಿ ಇಳಿದು ಬರುತ್ತೇನೆ ಎಂದಿದ್ದೀಯೆ. ಉದ್ದವಾಯಿತೆಂದು ಅರ್ಧಕ್ಕೆ ಬಿಡದೆ ಅಷ್ಟರೊಳಗೆ ಇದನ್ನು ಓದಿ ಮುಗಿಸು.

ಆ ಕಾರನ್ನು ನಾನು ‘ಗುಜರಿ’ ಎಂದದ್ದು ನಿನಗೆ ಚುಚ್ಚಿತು ಎಂದು ಅಪ್ಪ ಹೇಳಿದರು. ಆಯಿತು, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೆ “ಶೋರೂಮಿನಿಂದ ರಿಬ್ಬನ್ ಕಟ್ಟಿಕೊಂಡು ಬಂದರೆ ಮಾತ್ರ ನಿನಗೆ ಅದು ಕಾರು” ಎಂದೆಯಲ್ಲ, ಅದನ್ನು ನೀನೂ ಹಿಂದಕ್ಕೆ ತೆಗೆದುಕೊಳ್ಳಬೇಕು. ಈ ಅಂಗಳಕ್ಕೆ ರಿಬ್ಬನ್ ಕಟ್ಟಿದ ಕಾರು ಇವತ್ತಿನವರೆಗೂ ಬಂದಿಲ್ಲ. ಊರೆಲ್ಲ ಮಾರುತಿ 800ರ ಹಿಂದೆ ಬಿದ್ದಿದ್ದಾಗ ನಿನ್ನ ಅಪ್ಪ, ಯಾರದೋ ಕೊಟ್ಟಿಗೆಯ ಪಕ್ಕದಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಪ್ರೀಮಿಯರ್ ಪದ್ಮಿನಿಯನ್ನು ಹುಡುಕಿ ತಂದರು. ಮಳೆಗಾಲದ ಬೆಳಿಗ್ಗೆ ಅದು ಸ್ಟಾರ್ಟ್ ಆಗದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ತೇವ ಒರೆಸಿ, ಪಾಯಿಂಟಿಗೆ ಮರಳು ಕಾಗದ ಉಜ್ಜುತ್ತಿದ್ದವಳು ನಾನು. ನಿನ್ನ ಅಪ್ಪ ಚೋಕ್ ಎಳೆದುಕೊಂಡು ಸೀಟಿನಲ್ಲಿ ಕುಳಿತು “ಈಗ ನೋಡೋಣ” ಎನ್ನುತ್ತಿದ್ದರು. ಎಷ್ಟೋ ದಿನ ಉಗುರಿನ ಸಂದಿಯ ಕಪ್ಪು ಹೋಗದೆಯೇ ಶಾಲೆಗೆ ಹೋಗಿ ಪಾಠ ಮಾಡಿದ್ದೇನೆ. ಆದ್ದರಿಂದ ಹಳೆಯ ಕಾರಿನ ವಿಷಯದಲ್ಲಿ ನಾನು ಹೊರಗಿನವಳಲ್ಲ.

ಹಾಗೆ ನೋಡಿದರೆ ನಿನ್ನ ಆಯ್ಕೆಯ ಬಗ್ಗೆ ನನಗೆ ತಕರಾರಿಲ್ಲ. ಒಂದು ಹೊಸ ಸ್ಕೂಟರಿನ ಬೆಲೆಗೆ 1.6 ಲೀಟರಿನ ಫಿಯಟ್ ಪಾಲಿಯೊ. ಸಾಲವಿಲ್ಲ, ಕಂತಿಲ್ಲ. ನಿನ್ನ ವಯಸ್ಸಿನವರು ಏಳು ವರ್ಷದ ಕಂತು ಹೊತ್ತುಕೊಂಡು, ಗೀಚು ಬಿದ್ದೀತೆಂದು ಹೆದರಿ ಕಾರನ್ನು ಬೇಸ್‌ಮೆಂಟಿನಲ್ಲಿ ನಿಲ್ಲಿಸಿ ಮೆಟ್ರೊದಲ್ಲಿ ಓಡಾಡುತ್ತಾರೆ. 2001ರಲ್ಲಿ ಪಾಲಿಯೊ ಬಂದಾಗ ಸಚಿನ್ ತೆಂಡೂಲ್ಕರ್ ಅದರ ಜಾಹೀರಾತಿನಲ್ಲಿದ್ದರು, ಜನ ಮುಗಿಬಿದ್ದು ಕೊಂಡರು. ಆಮೇಲೆ ‘ಪೆಟ್ರೋಲ್ ಕುಡಿಯುತ್ತದೆ’ ಎಂಬ ಹೆಸರು ಬಂತು. ಈಗಂತೂ ಫಿಯಟ್ ಹೆಸರಿನ ಹೊಸ ಕಾರು ನಮ್ಮಲ್ಲಿ ಮಾರಾಟಕ್ಕೇ ಇಲ್ಲ. ಬೆಲೆ ಬಿದ್ದದ್ದು ಇದರಿಂದಲೇ ಹೊರತು ಎಂಜಿನ್ ಕೆಟ್ಟದ್ದೆಂದಲ್ಲ. ಕಂಪನಿ ಬಿಟ್ಟುಹೋದ ಕಾರಿನಲ್ಲಿ ಹೆಚ್ಚಿನ ಲಾಭ ಎರಡನೆಯ, ಮೂರನೆಯ ಕೈಗೆ ಸಿಗುತ್ತದೆ ಎಂದು ನೀನು ವಾದಿಸಿದೆ. ಒಪ್ಪುತ್ತೇನೆ. ಬಾಗಿಲು ಹಾಕಿದಾಗಿನ ‘ಧಬ್’ ಸದ್ದನ್ನು ರೆಕಾರ್ಡ್ ಮಾಡಿ ಅಪ್ಪನಿಗೆ ಕಳುಹಿಸಿದ್ದೂ ಗೊತ್ತು. ಅವರು ಫೋನ್ ಹಿಡಿದು ಹಿತ್ತಲಿನ ಹಲಸಿನ ಮರದ ಕೆಳಗೆ ಹೋಗಿ ಅದನ್ನು ಕೇಳುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ.

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತೆಂದು ಪೇಪರಿನಲ್ಲಿ ಬಂದ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ನನಗೇನೂ ಅನಿಸಲಿಲ್ಲ. ಯಾಕೆಂದು ಈಗ ಹೇಳುತ್ತೇನೆ.

ಹಾಸನದ ಮದುವೆ ಮುಗಿಸಿ ಬರುವಾಗ ನಾನೂ ನೀನೂ ಕಾರು ಬಿಟ್ಟು ಬಸ್ಸು ಹತ್ತಿದ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಂಡಕ್ಟರ್, ಪೆಪ್ಪರ್‌ಮಿಂಟು, ಎಲ್ಲ ಬಿಡು. ನಿನಗೆ ಗೊತ್ತಿಲ್ಲದ್ದು ಬಸ್ಸಿಗಿಂತ ಮೊದಲಿನದು.

ಮಾರನಹಳ್ಳಿ ದಾಟಿ ಇದೇ ಶಿರಾಡಿ ಇಳಿಯುತ್ತಿದ್ದೆವು. ಮುಂದೆ ಟ್ಯಾಂಕರು, ಹಿಂದೆ ಲಾರಿ. ಅಪ್ಪನ ಕಾಲು ಬ್ರೇಕಿನ ಮೇಲೇ ಇತ್ತು. ಏನೋ ಸುಟ್ಟ ವಾಸನೆ ಬರುತ್ತಿದೆ ಎಂದೆ. ಟ್ಯಾಂಕರಿನದು ಎಂದರು. ಒಂದು ತಿರುವಿನಲ್ಲಿ ಪೆಡಲ್ ತಳಕ್ಕೆ ಹೋಯಿತು. ಸದ್ದಿಲ್ಲ, ಏನಿಲ್ಲ, ಸುಮ್ಮನೆ ಒಳಕ್ಕೆ ಹೋಯಿತು. ಎರಡು ಸಲ ತುಳಿದರು, ಮೂರು ಸಲ ತುಳಿದರು. ಆಮೇಲೆ ಸ್ಟೇರಿಂಗ್ ಪಕ್ಕದ ಗೇರಿನ ಕಡ್ಡಿಯನ್ನು ಎಳೆದು ಎರಡನೇ ಗೇರಿಗೆ ಹಾಕಿದರು, ಕಾರು ಕಿರುಚಿತು. ಅಪ್ಪ ಹೇಳುವುದು ಇಷ್ಟನ್ನೇ, ಅದೂ ಸ್ವಲ್ಪ ಹೆಮ್ಮೆಯಿಂದ.

ಆಗ ನನ್ನ ಎಡಗೈ ಬಾಗಿಲಿನ ಹಿಡಿಕೆಯ ಮೇಲಿತ್ತು. ಮೂರು ವರ್ಷದ ನೀನು ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದೆ. ಬೆಲ್ಟು ಗಿಲ್ಟು ಯಾರೂ ಕೇಳದ ಕಾಲ. ಎಡಕ್ಕೆ ಗುಡ್ಡ ಕಡಿದ ಕೆಂಪು ಮಣ್ಣಿನ ಬರೆ, ಅದರ ಬುಡದಲ್ಲಿ ಚರಂಡಿ, ಚರಂಡಿಯ ಅಂಚಿಗೆ ಒದ್ದೆ ಜರಿಗಿಡಗಳ ಸಾಲು. ನಾನು ಲೆಕ್ಕ ಹಾಕುತ್ತಿದ್ದೆ. ಮಗುವನ್ನು ಆ ಗಿಡಗಳ ಮೇಲೆ ಎಸೆಯಬೇಕೋ, ತಲೆಯನ್ನು ಎದೆಗೆ ಒತ್ತಿಕೊಂಡು ನಾನೂ ಹಾರಬೇಕೋ? ಎಸೆದರೆ ಹಿಂದಿನ ಲಾರಿಯ ಗಾಲಿ ಎಲ್ಲಿಗೆ ಬರುತ್ತದೆ? ಹಾರಿದರೆ ನನ್ನ ಮೈಯೇ ನಿನ್ನ ಮೇಲೆ ಬಿದ್ದರೆ? ಹಿಡಿಕೆಯನ್ನು ಅರ್ಧ ಎಳೆದಿದ್ದೆ. ಬಾಗಿಲು ಒಂದು ಬೆರಳಿನಷ್ಟು ತೆರೆದು ಗಾಳಿ ಒಳಗೆ ನುಗ್ಗಿತು, ನೀನು ನಿದ್ದೆಯಲ್ಲೇ ಮುಖ ಸಿಂಡರಿಸಿದೆ. ಅಷ್ಟರಲ್ಲಿ ಅಪ್ಪ ಎಡಗಾಲಿಗಳನ್ನು ಚರಂಡಿಗೆ ಇಳಿಸಿ, ಬರೆಗೆ ಉಜ್ಜಿಸಿ ನಿಲ್ಲಿಸಿದರು. ನನ್ನ ಬಾಗಿಲು ಮಣ್ಣಿಗೆ ಬಡಿದು ತಾನಾಗಿ ಮುಚ್ಚಿಕೊಂಡಿತು.

ಈಗ ಕೇಳು, ಭಯಪಡಬೇಕಾದದ್ದು ಇದಕ್ಕೆ. ಅರ್ಧ ಗಂಟೆ ಕಳೆದ ಮೇಲೆ ಪೆಡಲ್ ತುಳಿದು ನೋಡಿದರೆ ಕಲ್ಲಿನಂತೆ ಗಟ್ಟಿ! “ನೋಡು, ಏನೂ ಆಗಿಲ್ಲ, ಬಾ” ಎಂದರು. ನಾನು ನಿನ್ನನ್ನು ಎತ್ತಿಕೊಂಡು ರಸ್ತೆಯ ನಡುವೆಯೇ ನಿಂತು ಬಸ್ಸಿಗೆ ಕೈ ಅಡ್ಡ ಮಾಡಿದೆ. ಬಸ್ಸಿನ ಹಿಂದಿನ ಗಾಜಿನಲ್ಲಿ, ಒಂದನೇ ಗೇರಿನಲ್ಲಿ ತೆವಳುತ್ತಿದ್ದ ಆ ಪದ್ಮಿನಿ ಒಂದೊಂದು ತಿರುವಿಗೂ ಮರೆಯಾಗುತ್ತಿತ್ತು. ಮತ್ತೆ ಕಾಣುವವರೆಗೆ ಉಸಿರು ಬಿಡುತ್ತಿರಲಿಲ್ಲ. ಘಾಟಿಯ ಬುಡದ ಗುಂಡ್ಯದವರೆಗೂ ಇದೇ.

ಪಾಸ್ಕಲನ ನಿಯಮವನ್ನು ಮಕ್ಕಳಿಗೆ ಕಲಿಸಿಕೊಂಡೇ ನಿವೃತ್ತಳಾದವಳು ನಾನು. ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ, ಸರಿ. ಆದರೆ ಕೊಳವೆಯೊಳಗೆ ಇರುವುದು ದ್ರವವೇ ಆಗಿರಬೇಕಲ್ಲ? ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾದ, ಡಾಟ್ 4 ದರ್ಜೆಯ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಹೀರಿದ್ದಾದರೆ 155ರ ಸುಮಾರಿಗೇ ಕುದಿಯಬಹುದು. ಕುದಿದರೆ ಆವಿ. ನಿನ್ನ ಕಾಲಿನ ಬಲವೆಲ್ಲ ಆ ಆವಿಯನ್ನು ಅಮುಕುವುದರಲ್ಲೇ ಮುಗಿಯುತ್ತದೆ, ಗಾಲಿಯವರೆಗೆ ಹೋಗುವುದೇ ಇಲ್ಲ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಏನೂ ಆಗದಂತೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಓಡಿಸಿ “ಬ್ರೇಕ್ ಚೆನ್ನಾಗಿದೆ” ಎಂದರೆ ಅದಕ್ಕೆ ಅರ್ಥವಿಲ್ಲ. ಆಯಿಲ್ ಯಾವಾಗ ಬದಲಿಸಿದ್ದೆಂದು ಮಾರಿದವನನ್ನು ಕೇಳಿದೆಯಾ ಎಂದರೆ ನೀನು ಸ್ಟೀರಿಯೊ ವಿಷಯ ತೆಗೆದೆ.

ಪಾಠ ಶುರುವಾಯಿತು ಎಂದು ಮುಖ ತಿರುಗಿಸಬೇಡ. ನೀನು ಕಳುಹಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಗೆರೆಯೊಳಗೆ 2316 ಎಂದಿದೆ. 2016ರ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ಹಲ್ಲು ಆಳವಾಗಿದೆ ಎಂದು ನೀನು ಖುಷಿಪಟ್ಟೆ. ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಅವನ್ನು ನೋಡಲಿಲ್ಲ. ಓಡದೆ ನಿಂತರೂ ರಬ್ಬರ್ ಮುದಿಯಾಗುತ್ತದೆ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟೂ ರಬ್ಬರೇ. ಅದು ತುಂಡಾದರೆ ವಾಲ್ವುಗಳು ಬಾಗಿ, ಕಾರು ಕೊಂಡದ್ದಕ್ಕಿಂತ ರಿಪೇರಿಯೇ ಹೆಚ್ಚಾಗಬಹುದು. ಪೆಟ್ರೋಲ್ ಪೈಪುಗಳನ್ನೂ ನೋಡಿಸು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್, 2006ರ ಕಾರನ್ನು ಮಾಡಿದವರು ಅದನ್ನು ಎಣಿಸಿರಲಿಲ್ಲ. ಇವೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ. ಅಲಾಯ್ ಚಕ್ರ, ಹೊಸ ಸೀಟ್ ಕವರ್ ಎಲ್ಲ ಆಮೇಲೆ.

ಏರ್‌ಬ್ಯಾಗ್ ಇಲ್ಲ. 2019ರಿಂದೀಚೆಗೆ ಚಾಲಕರ ಏರ್‌ಬ್ಯಾಗ್ ಇಲ್ಲದೆ ಹೊಸ ಕಾರು ಮಾರುವಂತೆಯೇ ಇಲ್ಲ, ನಿನ್ನದರಲ್ಲಿ ಅದಿಲ್ಲ. ಇದಕ್ಕೆ ಯಾವ ಮೇಸ್ತ್ರಿಯಲ್ಲೂ ಮದ್ದಿಲ್ಲ. ರಾತ್ರಿ ಎಚ್ಚರವಾದಾಗ ನನ್ನ ತಲೆಯಲ್ಲಿ ತಿರುಗುವುದು ಇದೇ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆರ್‌ಸಿ ಇನ್ನೂ ಹಳೆಯವನ ಹೆಸರಿನಲ್ಲೇ ಇದ್ದರೆ ಮೊದಲು ನಿನ್ನ ಹೆಸರಿಗೆ ಮಾಡಿಸು. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಿಂದ 10,000 ರೂಪಾಯಿ ಶುಲ್ಕ, ಮೇಲೆ ಹಸಿರು ತೆರಿಗೆ ಬೇರೆ. ಅಗ್ಗದ ಕಾರಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊ.

ನೀನು ಬಾನೆಟ್ ಎತ್ತಿ, ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ನಗುತ್ತಿರುವ ಫೋಟೊವನ್ನು ಚಿಕ್ಕಮ್ಮನಿಗೆ ತೋರಿಸಿದೆ. “ಮದುವೆಯಾಗುವ ಹುಡುಗಿ, ಇದೇನು ವೇಷ” ಎಂದಳು. ಅವಳಿಗೆ ನಾನು ಕೊಟ್ಟ ಉತ್ತರ ಅಪ್ಪನ ಬಾಯಿಂದ ನಿನ್ನ ಕಿವಿಗೆ ಬಿದ್ದಿರುತ್ತದೆ. ಇಲ್ಲಿ ಬರೆಯುವುದಿಲ್ಲ.

ಇಂದಿಗೂ ಯಾವ ಕಾರಿನಲ್ಲಿ ಕುಳಿತರೂ ನನ್ನ ಕೈ ಬಾಗಿಲಿನ ಹಿಡಿಕೆಗೆ ಹೋಗುತ್ತದೆ. ಟ್ಯಾಕ್ಸಿಯಲ್ಲಿ ನೋಡಿ ನೀನು ಎಷ್ಟೋ ಸಲ ನಕ್ಕಿದ್ದೀಯೆ. ಲೆಕ್ಕ ಮುಗಿದಿಲ್ಲ ಪುಟ್ಟೀ. ಎಸೆದಿದ್ದರೆ ಸರಿಯೋ, ಹಾರಿದ್ದರೆ ಸರಿಯೋ, ಗೊತ್ತಾಗಿಲ್ಲ. ಈಗ ಆ ತಿರುವುಗಳಲ್ಲಿ ನೀನು ಸ್ಟೇರಿಂಗ್ ಹಿಡಿದಿರುತ್ತೀಯೆ. ಪಕ್ಕದ ಸೀಟಿನಲ್ಲಿ ನಾನಿರುವುದಿಲ್ಲ.

ರಾತ್ರಿ ರೈಲು ಹತ್ತಿದರೆ ಕಬಕ ಪುತ್ತೂರಿಗೆ ತಂದು ಬಿಡುತ್ತದೆ, ಅಪ್ಪ ಸ್ಟೇಷನ್ನಿಗೆ ಬರುತ್ತಾರೆ. ನೀನು ಕೇಳುವವಳಲ್ಲ ಎಂದೂ ಗೊತ್ತು. ಹಾಗಿದ್ದರೆ ಬೆಳಕಿರುವಾಗಲೇ ಘಾಟಿ ಇಳಿ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಯಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಬೇಡ, ಎಂಜಿನ್ ಆರಿಸಲೇಬೇಡ. ಎಂಜಿನ್ ಆರಿದರೆ ಬ್ರೇಕಿಗೆ, ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿನ ಬಲ ಉಳಿಯುವುದಿಲ್ಲ. ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಹೊಡೆಯಲಿ.

ನಾಲ್ಕು ಟೈರಿಗಾಗುವಷ್ಟು ಹಣವನ್ನು ನಿನ್ನ ಖಾತೆಗೆ ಹಾಕಿದ್ದೇನೆ, ವಾಪಸ್ ಕಳುಹಿಸಿದರೆ ಮತ್ತೆ ಜಗಳ. ಶುಕ್ರವಾರದೊಳಗೆ ಟೈರ್, ಬ್ರೇಕ್ ಆಯಿಲ್ ಎರಡೂ ಆಗಬೇಕು. ಆಯಿಲ್ಲನ್ನು ಮೇಲಿನಿಂದ ತುಂಬಿಸಿದರೆ ಸಾಲದು, ಹಳೆಯದನ್ನು ನಾಲ್ಕೂ ಗಾಲಿಗಳಿಂದ ಪೂರ್ತಿ ಹೊರಗೆ ತೆಗೆಸು. ಗ್ಯಾರೇಜಿನ ಬಿಲ್ಲಿನ ಫೋಟೊವನ್ನು ಅಪ್ಪನಿಗೆ ಕಳುಹಿಸಬೇಡ, ನನಗೆ ಕಳುಹಿಸು. ಅವರು ನೋಡದೆಯೇ ‘ಸರಿ ಇದೆ’ ಎನ್ನುತ್ತಾರೆ.

ನಿನ್ನ
ಅಮ್ಮ