ಶನಿವಾರದ ಬ್ಯಾಕಪ್ ವರ್ಗಾವಣೆ: ತಾಳೆ ನೋಡದೆ ಮೂಲ ಅಳಿಸಬೇಡಿ

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ 10ಕ್ಕೆ ಹಳೇ ಸರ್ವರ್‌ನಿಂದ ಹೊಸದಕ್ಕೆ ಬ್ಯಾಕಪ್ ಸಾಗಿಸುತ್ತೇವೆ. ಮನೆಯಿಂದ ಕಮಾಂಡ್ ಕೊಡುವವರು ದಯವಿಟ್ಟು ಗಮನಿಸಿ.

ಸರ್ವರ್‌ನಲ್ಲೇ ಟೀಮಕ್ಸ್ (tmux, ಟರ್ಮಿನಲ್ ಕೆಲಸವನ್ನು ಸರ್ವರ್‌ನಲ್ಲೇ ನಡೆಸುತ್ತಿರುವ ಸಾಧನ) ತೆರೆದು ಕೆಲಸ ಶುರು ಮಾಡಿ. ನಿಮ್ಮ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕಳಿಸುವ ಮುಂಚೆ ಮೂಲದಲ್ಲೇ ಶಾ256ಸಮ್ (sha256sum, ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು ಕೊಡುವ ಕಮಾಂಡ್) ಪಟ್ಟಿ ಮಾಡಿ ಜೊತೆಗೆ ಕಳಿಸಿ. ಹೊಸ ಸರ್ವರ್‌ನಲ್ಲಿ ಅದೇ ಕಮಾಂಡ್‌ಗೆ ಮೈನಸ್ ಸಿ (-c, ಪಟ್ಟಿಯೊಂದಿಗೆ ತಾಳೆ ನೋಡಲು) ಕೊಟ್ಟರೆ ಪ್ರತಿ ಫೈಲ್ ಎದುರು ‘ಓಕೆ’ ಬರಬೇಕು. ಆರ್‌ಸಿಂಕ್ (rsync, ಫೈಲ್ ನಕಲಿಸುವ ಕಮಾಂಡ್) ಮತ್ತೊಮ್ಮೆ ಓಡಿಸಿದರೆ ಸಾಲದು: ಅದು ತಾನಾಗಿ ಹೋಲಿಸುವುದು ಗಾತ್ರ ಮತ್ತು ಸಮಯ ಮಾತ್ರ, ಒಳಗಿನ ಒಂದು ಬಿಟ್ ಕೆಟ್ಟಿದ್ದರೆ ಗೊತ್ತೇ ಆಗದು.

ಎಸ್‌ಎಸ್‌ಎಚ್‌ನಲ್ಲಿ (ssh, ದೂರದ ಸರ್ವರ್‌ಗೆ ಸಂಪರ್ಕ) ಕ್ಯಾಟ್ (cat, ಫೈಲಿನ ಒಳಗಿರುವುದನ್ನು ಹೊರಹಾಕುವ ಕಮಾಂಡ್) ಮಾಡಿ ಟಾರ್ ಫೈಲ್ (tar, ಹಲವು ಫೈಲ್ ಸೇರಿಸಿದ ಕಟ್ಟು) ಎಳೆದುಕೊಳ್ಳುವವರು ಮೈನಸ್ ಟಿ (-t, ಟರ್ಮಿನಲ್ ತೆರೆಯಲು) ಹಾಕಲೇಬೇಡಿ. ಟರ್ಮಿನಲ್ ಪ್ರತಿ ಎಲ್‌ಎಫ್ (ಹೊಸ ಸಾಲಿನ ಗುರುತು) ಬರುವ ಮುಂಚೆ ಸಿಆರ್ (ಸಾಲಿನ ಆರಂಭಕ್ಕೆ ಮರಳುವ ಗುರುತು) ಸೇರಿಸಿಬಿಡುತ್ತದೆ. ಗಾತ್ರ ತುಸು ಹೆಚ್ಚಿದ್ದರೆ ಇದೇ ಕಾರಣ.

‘ಫೇಲ್ಡ್’ ಬಂದ ಫೈಲಿನ ಹೆಸರು ತಕ್ಷಣ ಇಲ್ಲಿ ಹಾಕಿ. ಯಾರು ಯಾವ ಫೋಲ್ಡರ್ ನೋಡಿಕೊಳ್ಳುತ್ತೀರಿ ಎಂದು ಶುಕ್ರವಾರ ಸಂಜೆಯೊಳಗೆ ತಿಳಿಸಿ.