ಗೋಪುರ ಚಂದ ಬಂದೈತಿ, ಆದ್ರ ನಿನ್ನ ಕೈ?

ಚಿನ್ನೂ,

ಮೊನ್ನಿ ರಾತ್ರಿ ನೀ ವಾಟ್ಸಾಪ್‌ನಾಗ ಕಳಿಸಿದ ಕಸೂತಿ ಗೋಪುರದ ಫೋಟೋ ಎಷ್ಟ ಸಲ ಝೂಮ್ ಮಾಡಿ ನೋಡೀನೋ ಲೆಕ್ಕಿಲ್ಲ. ಹಿಂದ ಮುಂದ ಒಂದ ತರ ಕಾಣೋ ಗವಂತಿ ಹೊಲಿಗಿ ಎಷ್ಟ ಚೊಕ್ಕ ಬಂದೈತಿ, ಎಲ್ಲೂ ಎಳಿ ತಪ್ಪಿಲ್ಲ. ಆದ್ರ ಅದರ ಕೆಳಗ ಸುಮ್ಮ ಹಂಗ ಬರದಿದ್ದೆಲ್ಲಾ, ರಾತ್ರಿ ಕೈ ಜೋಮ ಹಿಡಿತೈತಿ, ಝಾಡಿಸಿದ್ರ ಸರಿ ಆಗ್ತೈತಿ ಅಂತ, ಅದನ್ನ ಓದಿದ ಮ್ಯಾಲೆ ನನಗ ನಿದ್ದಿ ಹತ್ತಲಿಲ್ಲ. ಫೋನ್‌ನಾಗ ಹೇಳಿದ್ರ ನೀ ಹೂಂ ಹೂಂ ಅಂದು ಬಿಡ್ತಿ, ಅದಕ್ಕ ಬರ್ಯಾಕತ್ತೀನಿ.

ನನಗೂ ಹಿಂಗ ಆಗಿತ್ತು. ನೀ ಆಗ ಒಂದನೇತ್ತಾ. ಮದಿವಿ ಆರ್ಡರ್ ಅಂತ ಇಳಕಲ್ ಸೀರಿ ಸೆರಗಿಗೆ ಆನಿ ಅಂಬಾರಿ ಹಾಕಾಕ ಕುಂತಿದ್ದೆ, ನಿನ್ನ ಮಲಗಿಸಿ ರಾತ್ರಿ ಹನ್ನೆರಡರ ತನಕ. ಒಂದ ದಿನ ಚಾದ ಕಪ್ಪು ಕೈಯಿಂದ ಜಾರಿ ಬಿತ್ತು. ಡಾಕ್ಟರು ಕಾರ್ಪಲ್ ಟನಲ್ ಅಂದ್ರು. ಮಣಿಕಟ್ಟಿನೊಳಗ ಇಕ್ಕಟ್ಟಿನ ದಾರಿ ಐತಂತ, ಅದರಾಗ ಬೆರಳಿಗೆ ಹೋಗೋ ನರ ಹಾಯ್ತೈತಿ, ಕೈ ಬಗ್ಗಿಸಿ ಇಟ್ಟಷ್ಟೂ ಅದರ ಮ್ಯಾಲೆ ಒತ್ತು ಬೀಳ್ತೈತಿ. ಹೆಬ್ಬೆರಳು, ತೋರಬೆರಳು, ನಡುಬೆರಳು ಜೋಮ ಹಿಡಿದು ಕಿರುಬೆರಳು ಮಾತ್ರ ಆರಾಮ ಇದ್ರ ಅದ ಇರಬಹುದು, ನೀ ಇವತ್ತ ರಾತ್ರಿ ಲಕ್ಷ್ಯ ಕೊಟ್ಟು ನೋಡು. ನನಗ ಮಲಗೋಮುಂದ ಮಣಿಕಟ್ಟು ನೆಟ್ಟಗ ಇರೋ ಹಂಗ ಪಟ್ಟಿ ಹಾಕ್ಕೋ ಅಂದಿದ್ರು, ಅದರಿಂದ ಭಾಳ ಕಡಿಮಿ ಆತು. ನೀ ತಡಾ ಮಾಡಬ್ಯಾಡ, ಈ ವಾರನ ತೋರಿಸ್ಕೋ. ನಾ ತಡಾ ಮಾಡಿ ಆ ವರ್ಷ ಪೂರಾ ಸೂಜಿ ಮುಟ್ಟಲಿಲ್ಲ, ಆ ಸೀರಿ ಬ್ಯಾರೇದವರ ಕೈಯಾಗ ಮುಗೀತು.

ಇನ್ನೊಂದು, ಬಟ್ಟಿ ಬಿಗಿಯಾಕ ಹಾಕೋ ರಿಂಗ್ ಹಿಡಿಯೋ ಎಡಗೈ. ಫೋಟೋದ ಮೂಲ್ಯಾಗ ನಿನ್ನ ಹೆಬ್ಬೆರಳು ಕಂಡ್ತು, ಉಗರು ಬೆಳ್ಳಗ ಆಗೋವಷ್ಟು ಒತ್ತಿ ಹಿಡಿದಿದ್ದಿ. ಬಟ್ಟಿ ಜಾರ್ತೈತಿ ಅಂತ ಹಂಗ ಹಿಡೀತಿ, ಗೊತ್ತೈತಿ. ಒಳಗಿನ ರಿಂಗಿಗೆ ಹತ್ತಿ ಪಟ್ಟಿ ಒತ್ತೊತ್ತಾಗಿ ಸುತ್ತಿ ಹೊಲದು ಬಿಡು, ಬಟ್ಟಿ ತಾನ ಬಿಗೀಗಿ ನಿಲ್ತೈತಿ, ನೀ ಬರೇ ತಾಂಗಿದ್ರ ಸಾಕು. ಇಲ್ಲಾಂದ್ರ ಮೇಜಿನ ಅಂಚಿಗೆ ಆನಿಸಿಕೊಂಡು ಕೂಡು. ತೊಡಿ ಮ್ಯಾಲೆ ಇಟ್ಟು ಕುತ್ತಿಗಿ ಬಗ್ಗಿಸಿ ಹಾಕೋದು ನಮ್ಮ ಕಾಲದ್ದು, ಅದು ಚಲೋ ರೂಢಿ ಅಲ್ಲ.

ಸೂಜಿ ವಿಷಯ ಹೇಳ್ಬೇಕು. ಎಳಿ ಎಣಿಸಿ ಹಾಕೋ ಕೆಲಸಕ್ಕ ಚೂಪು ಸೂಜಿ ಬ್ಯಾಡ, ಮೊಂಡ ತುದಿದು ಟೇಪೆಸ್ಟ್ರಿ ಸೂಜಿ ತಗೋ, 24 ಇಲ್ಲಾ 26 ನಂಬರ್, ನಂಬರ್ ಹೆಚ್ಚಾದಂಗ ಸೂಜಿ ಸಣ್ಣ. ಚೂಪಿಂದು ಎಳಿ ಸೀಳ್ತೈತಿ, ಸೀಳಿದ್ರ ಎಳಿಯಾಕ ಜೋರ್ ಬೇಕು, ಆ ಜೋರು ಎಲ್ಲಾ ಬೆರಳಿಗೆ. ಸೂಜಿ ಸಿಕ್ಕ್ಹಾಕೊಂಡ್ರ ಹಲ್ಲಿನಿಂದ ಎಳೀಬ್ಯಾಡ, ಹರಿದ ಬಲೂನಿಂದು ಒಂದ ತುಂಡು ಡಬ್ಬ್ಯಾಗ ಇಟ್ಕೋ, ಅದರಿಂದ ಹಿಡಿದ್ರ ಸಲೀಸು ಬರ್ತೈತಿ. ದಾರ ಮೊಳಕ್ಕಿಂತ ಉದ್ದ ತಗೀಬ್ಯಾಡ. ಆರ ಎಳಿ ಲಡಿಯಿಂದ ಎರಡ ಎಳಿ ಬೇಕಂದ್ರ ಎರಡೂ ಕೂಡಿಸಿ ಎಳೀದೆ ಒಂದೊಂದಾಗಿ ಬಿಡಿಸಿ ಆಮ್ಯಾಲೆ ಜೋಡಿಸು, ಗಂಟು ಬೀಳೋದಿಲ್ಲ.

ಗವಂತಿ ಹಾಕೋವಾಗ ಹೋಗೋಮುಂದ ಒಂದ ಬಿಟ್ಟು ಒಂದ ಹೊಲಿಗಿ, ಬರೋಮುಂದ ಬಿಟ್ಟಿದ್ದು ತುಂಬ್ಕೋಂತ ಬರೋದು, ಹಂಗಾಗಿ ನಟ್ಟನಡುವ ಬಿಟ್ಟೇಳಾಕ ಮನಸ ಬರೋದಿಲ್ಲ, ಇದೊಂದ ಸಾಲು ಮುಗಿಸ್ತೀನಿ ಅಂತ ಎರಡ ತಾಸು ಹೋಗಿರ್ತೈತಿ. ನಾ ಅರ್ಧಾ ತಾಸಿಗೆ ಫೋನ್‌ನಾಗ ಅಲಾರಾಂ ಇಡ್ತೀನಿ. ಹೊಡಕೊಂತಂದ್ರ ಸೂಜಿ ಬಿಟ್ಟು ಎದ್ದು ಬೆರಳು ಅಗಲ ಮಾಡಿ ಮುಚ್ಚಿ, ಹಿತ್ತಲದಾಗಿನ ಪೇರಲ ಗಿಡ ನೋಡ್ತೀನಿ, ಕಣ್ಣಿಗೂ ದೂರದ್ದು ನೋಡೋದು ಬೇಕಲ್ಲ. ಕಪ್ಪ ಬಟ್ಟಿ ಇದ್ರಂತೂ ರಾತ್ರಿ ಕೂಡಬ್ಯಾಡ. ಅದು ಚಂದ್ರಕಾಳಿ ಸೀರಿ ಇರ್ಲಿ ಏನ ಇರ್ಲಿ, ಕಪ್ಪಿನ್ಯಾಗ ಎಳಿ ಎಣಿಸೋದು ಹಗಲಿನ ಕೆಲಸ. ಹಗಲಿನ್ಯಾಗೂ ತೊಡಿ ಮ್ಯಾಲೆ ಬಿಳೇ ಟವೆಲ್ ಹಾಸ್ಕೋ, ಎಳಿ ನಡುವಿನ ಸಂದು ಎದ್ದು ಕಾಣ್ತೈತಿ.

ಬೆರಳ ತುದಿ ಒಡದಿದ್ರ ರೇಷ್ಮಿ ದಾರ ಅದಕ್ಕ ತಾಗಿ ತಾಗಿ ನೂಲು ಏಳ್ತೈತಿ. ರಾತ್ರಿ ಮಲಗೋಮುಂದ ಕೊಬ್ರಿ ಎಣ್ಣಿ ಹಚ್ಕೋ. ಹೊಲ್ಯಾಕ ಕೂಡೋಮುಂದ ಹಚ್ಚಬ್ಯಾಡ, ಬಟ್ಟಿಗೆ ಕಲಿ ಆದ್ರ ಹೋಗೋದಿಲ್ಲ. ಸಕ್ಕರಿ ಒಂದ ಚಮಚ ಎಣ್ಣಿ ಒಂದ ಚಮಚ ಕಲಸಿ ಕೈ ತಿಕ್ಕಿ ತೊಳಕೊಂಡ್ರ ನುಣ್ಣಗ ಆಗ್ತಾವು, ಇದು ನಿಮ್ಮ ಅಜ್ಜಿ ಹೇಳಿಕೊಟ್ಟಿದ್ದು.

ಆ ಗೋಪುರದ ಬಟ್ಟಿ ಅಲ್ಲೇ ಇರ್ಲಿ, ಡಾಕ್ಟರಿಗೆ ತೋರಿಸೋ ತನಕ ಸೂಜಿ ಹಿಡೀಬ್ಯಾಡ. ರಿಂಗ್ ಮಾತ್ರ ತಗದಿಡು, ಇಲ್ಲಾಂದ್ರ ಬಟ್ಟಿ ಮ್ಯಾಲೆ ದುಂಡಗ ಕಲಿ ಉಳೀತಾವು. ದೀಪಾವಳಿಗೆ ಬರೋಮುಂದ ತಗೊಂಡ ಬಾ, ತಿರುವಿ ನೋಡ್ತೀನಿ, ಹಿಂದ ಮುಂದ ಒಂದ ತರ ಬಂದೈತಿ ಇಲ್ಲೋ ಅಂತ. ತೇರು ಹಾಕೋದು ನಾ ಹೇಳಿಕೊಡ್ತೀನಿ, ಅವಸರಿಲ್ಲ.

ಡಾಕ್ಟರ ಏನಂದ್ರು ಅಂತ ಅವತ್ತ ಫೋನ್ ಮಾಡು.

ನಿನ್ನ ಅವ್ವ