ಹನ್ನೆರಡು ತಲೆ, ಹತ್ತನೆಯ ನಡಿಗೆ

ಹಾಸನದಿಂದ ಡೋರ್ನಹಳ್ಳಿಯ ಸಂತ ಅಂತೋಣಿಯವರ ದೇವಾಲಯಕ್ಕೆ ನಾನು ಜನರನ್ನು ಕರೆದುಕೊಂಡು ಹೋಗುವ ಪಾದಯಾತ್ರೆ ಈ ಜೂನ್ 12ರ ಸಂಜೆಗೆ ಹತ್ತು ಪೂರೈಸಿತು. ಹೋದ ವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮಂಚ ಹಿಡಿದಿದ್ದವನು ಈ ಸಲ ಮೂರು ದಿನವೂ ನಡೆದೆ. ಋಣ ಬಹಳವಿದೆ, ಕೂತು ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ತಲೆ ಎಣಿಸುವುದೊಂದೇ ನನಗೆ ಬರುವ ವಿದ್ಯೆ. ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ ಎಂದರೆ, ಯೇಸುವಿನ ಹನ್ನೆರಡು ಶಿಷ್ಯರಾದ ಪ್ರೇಷಿತರ ಲೆಕ್ಕವೇ ಎಂದು ಕೇಳುವವರಿದ್ದಾರೆ. ಅಷ್ಟು ದೊಡ್ಡ ಯೋಚನೆಯೇನಲ್ಲ. ಲಗೇಜ್ ಆಟೊದಲ್ಲಿ ಹಿಡಿಯುವುದು ಅಷ್ಟೇ ಚೀಲ, ನನ್ನ ಕಣ್ಣಳತೆಗೆ ಸಿಗುವುದೂ ಅಷ್ಟೇ ಜನ.

ಆ ಲೆಕ್ಕವೂ ಒಮ್ಮೆ ತಪ್ಪಿತು. ನಾಲ್ಕನೆಯ ವರ್ಷ, ಹೊಳೆನರಸೀಪುರದಲ್ಲಿ ಹೇಮಾವತಿ ದಾಟಿದ ಮೇಲೆ ಮಳೆ ಹಿಡಿಯಿತು. ನಾನು ಎಲ್ಲರಿಗಿಂತ ಮುಂದೆ ಜಪಸರ ಹಿಡಿದು ‘ನಮೋ ಮರಿಯಾ’ ಎಂದು ಗಂಟಲೆತ್ತಿ ಹೇಳಿಸುತ್ತಿದ್ದೆ. ನನ್ನ ದನಿಯ ಮೇಲೆ ನನಗೇ ತುಸು ಮೋಹವಿತ್ತು. ಮರದಡಿ ನಿಂತು ಎಣಿಸಿದರೆ ಹನ್ನೊಂದು! ಕಳೆದದ್ದನ್ನು ಹುಡುಕಿಕೊಡುವ ಸಂತನ ಬಳಿಗೆ ಹೊರಟವನು ಎಪ್ಪತ್ತು ದಾಟಿದ ಅಜ್ಜಿಯನ್ನೇ ಕಳೆದುಕೊಂಡಿದ್ದೆ. ಎರಡು ಕಿಲೋಮೀಟರ್ ಹಿಂದಕ್ಕೆ ಓಡಿದೆ. ಯಾರದೋ ಮನೆಯ ಜಗುಲಿಯಲ್ಲಿ ಅಜ್ಜಿ ಅಂಗೈಗೆ ಎಣ್ಣೆ ಸವರಿಕೊಂಡು ಮನೆಯೊಡತಿಯ ಜೊತೆ ಹಲಸಿನ ತೊಳೆ ಬಿಡಿಸುತ್ತಿದ್ದರು. “ಏನು ಕಂಡಕ್ಟರಪ್ಪ, ಬಸ್ಸು ಹೊರಟೇ ಹೋಯಿತಲ್ಲ?” ಎಂದರು.

ಅಂದಿನಿಂದ ನಾನು ಕೊನೆಯಲ್ಲಿ ನಡೆಯುತ್ತೇನೆ. ಹಿಂದಿನಿಂದ ನೋಡಿದರೆ ಯಾರ ಚಪ್ಪಲಿ ಕಚ್ಚುತ್ತಿದೆ, ಯಾರು ಜಪದ ನಡುವೆ ಅಳುತ್ತಿದ್ದಾರೆ ಎಂಬುದೆಲ್ಲ ಬೆನ್ನಿನಲ್ಲೇ ತಿಳಿಯುತ್ತದೆ. ನನ್ನ ಪ್ರಾರ್ಥನೆ ಈಗ ಹೆಚ್ಚುಕಡಿಮೆ ಅಷ್ಟೇ: ಒಂದೊಂದು ಬೆನ್ನಿಗೆ ಒಂದೊಂದು ಮಣಿ.

ಆ ಜಗುಲಿಯ ಮನೆಯವರಿಗೆ ಮೊದಲ ನಮಸ್ಕಾರ. ಅವರ ಮನೆದೇವರು ನರಸಿಂಹಸ್ವಾಮಿ. ಆದರೂ ಪ್ರತಿ ಜೂನ್‌ನಲ್ಲಿ ನಮಗಾಗಿ ಹಂಡೆಯಲ್ಲಿ ನೀರು ಕಾಯುತ್ತದೆ. ಈ ಸಲ ತಂಗಲು ಮಾತು ಕೊಟ್ಟಿದ್ದವರೊಬ್ಬರು ಬೀಗದ ಕೈಯೊಂದಿಗೆ ಊರಿಗೇ ಹೋಗಿಬಿಟ್ಟಿದ್ದರು. ರಾತ್ರಿ ಎಂಟಕ್ಕೆ ತೋಯ್ದು ತೊಪ್ಪೆಯಾಗಿ ನಿಂತವರಿಗೆ ಕೊಟ್ಟಿಗೆಯ ಪಕ್ಕದ ಕೋಣೆ ಗುಡಿಸಿ ಚಾಪೆ ಹಾಸಿದವರೂ ಇವರೇ.

ಲಗೇಜ್ ಆಟೊದ ಸಾಬರು ಹತ್ತು ವರ್ಷದಿಂದ ಡೀಸೆಲ್ ಖರ್ಚಿನ ಮೇಲೆ ಒಂದು ರೂಪಾಯಿ ಮುಟ್ಟಿಲ್ಲ. ಧರ್ಮಕೇಂದ್ರದ ಗುರುಗಳಿಗೆ, ಮಂಡಿ ಮಡಿಸಿ ಮಡಿಸಿ ನನ್ನನ್ನು ಅಳಿಸಿದ ಫಿಸಿಯೊಥೆರಪಿಯ ಹುಡುಗನಿಗೆ, ಮೂರು ದಿನದ ಚಟ್ನಿಪುಡಿ ಕಟ್ಟಿಕೊಟ್ಟು “ಬರುವಾಗಲೂ ಎಣಿಸಿಕೊಂಡೇ ಬನ್ನಿ” ಎಂದ ನನ್ನ ಹೆಂಡತಿಗೆ ವಂದನೆ. ಹೋದ ವರ್ಷ ನಾನಿಲ್ಲದೆ ಗುಂಪನ್ನು ಕರೆದೊಯ್ದ ನರ್ಸಿಂಗ್ ಓದುವ ಹುಡುಗಿ ನನಗಿಂತ ಚೆನ್ನಾಗಿ ನಡೆಸಿದಳಂತೆ. ಕೇಳಿ ಮೊದಲು ಸ್ವಲ್ಪ ಚುರುಕ್ ಎಂದದ್ದು ನಿಜ. ಈ ಸಲವೂ ಮುಂದೆ ಅವಳೇ ಇದ್ದಳು.

ರೈತನೊಬ್ಬನ ನೇಗಿಲಿಗೆ ತಗುಲಿ ಮಣ್ಣಿನಿಂದ ಮೇಲೆದ್ದ ಪ್ರತಿಮೆಯಿಂದ ಡೋರ್ನಹಳ್ಳಿಯ ಕ್ಷೇತ್ರ ಬೆಳೆಯಿತೆಂಬುದು ಐತಿಹ್ಯ. 2019ರಲ್ಲಿ ಅದು ಬೆಸಿಲಿಕಾ, ಅಂದರೆ ಪೋಪರಿಂದ ವಿಶೇಷ ಪದವಿ ಪಡೆದ ದೇವಾಲಯ, ಆಯಿತು. ಸಂತರು ಇಟಲಿಯ ಪಾದುವಾದಲ್ಲಿ ತೀರಿಕೊಂಡದ್ದು 1231ರ ಜೂನ್ 13ರಂದು. ಅದೇ ಹಬ್ಬದ ದಿನ. ಬೆಳಗಿನ ಬಲಿಪೂಜೆಗೆ, ಅಂದರೆ ಮಾಸ್ ಪ್ರಾರ್ಥನೆಗೆ, ಎಲ್ಲೆಲ್ಲಿಂದಲೋ ಬಂದ ಜನಸಾಗರದಲ್ಲಿ ನನ್ನ ಹನ್ನೆರಡನ್ನು ಎಣಿಸುವುದು ಹುಚ್ಚೇ ಸರಿ, ಆದರೂ ಎಣಿಸಿದೆ. ಹಲಸಿನ ಅಜ್ಜಿ ಈಗಿಲ್ಲ. ಅವರ ಮೊಮ್ಮಗ ಈ ಸಲ ಹನ್ನೆರಡರಲ್ಲೊಬ್ಬ.

ಹಿಂದಿರುಗುವಾಗ ರೈಲಿನಲ್ಲಿ ಕಂದು ಹಿಡಿಯ ಕೊಡೆಯೊಂದು ಉಳಿದಿತ್ತು, ನನ್ನ ಮನೆಯಲ್ಲಿದೆ. ಯಾರದೋ ಬಂದು ತೆಗೆದುಕೊಂಡು ಹೋಗಿ. ಅದಕ್ಕೂ ಅಂತೋಣಿಯವರಿಗೆ ಹರಕೆ ಹೊರಬೇಡಿ.